ಸಿಕ್ಕು ಬಿಡಿಸಿದ ಐತವಾರ

ಜಮಖಂಡಿಯ ಪೇಟೆಯಲ್ಲಿ ಈಗ ಒಂದು ಗೋಡೆಯ ತುಂಬ ಶಾಂಪೂ ಬಾಟಲಿಗಳನ್ನೇ ಜೋಡಿಸಿಟ್ಟ ಅಂಗಡಿಯಾಗಿದೆ. ಎಣ್ಣೆಗೂದಲಿಗೆ ಒಂದು, ಒಣಗೂದಲಿಗೆ ಇನ್ನೊಂದು, ಹೊಟ್ಟೇಳುವ ತಲೆಗೆ ಮತ್ತೊಂದು, ಬಣ್ಣ ಹಚ್ಚಿದ ಕೂದಲಿಗೆ ಬೇರೆಯೇ. ಹೋದ ತಿಂಗಳು ಬನಹಟ್ಟಿಯಿಂದ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಅವಳದೂ ನನ್ನ ಹಾಗೆ ಗುಂಗುರು ಕೂದಲು. ಒಂದೊಂದೇ ಬಾಟಲಿಯನ್ನು ಹಿಂದೆ ಮುಂದೆ ತಿರುಗಿಸಿ ಓದುತ್ತ ಓದುತ್ತ ಅವಳು ಬಿಳಿ ಬಾಟಲಿಯೊಂದರ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದು, ಇದು ಹೇಗಿದೆ ಎಂದು ಕೇಳಿದಳು. ಕಾಸಿದ ಹಾಲಿನ ಪಕ್ಕದಲ್ಲಿ ಯಾರೋ ಮಲ್ಲಿಗೆ ಹೂವಿನ ಬುಟ್ಟಿ ಇಟ್ಟು ಮರೆತು ಹೋದಂಥ ವಾಸನೆ ಅದು. ಅಷ್ಟು ಜನರ ಗದ್ದಲದ ನಡುವೆ, ಕೂಲರಿನ ಗಾಳಿಯ ನಡುವೆ, ನಾನು ನಾಲ್ಕನೆಯ ಇಯತ್ತೆಯ ಹುಡುಗಿಯಾಗಿ ಬಚ್ಚಲಕಲ್ಲಿನ ಮೇಲೆ ತಲೆ ಬಗ್ಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಕುಳಿತಿದ್ದೆ. ಮೂವರು ಹೆಂಗಸರ ಬೆರಳುಗಳು ನನ್ನ ಕೂದಲಿನೊಳಗೆ ಓಡಾಡುತ್ತಿದ್ದವು.

ನಮ್ಮ ಮನೆ ಬೀಳಗಿ ತಾಲ್ಲೂಕಿನ ಒಂದು ಹೊಳೆದಂಡೆಯ ಊರಲ್ಲಿತ್ತು. ಆ ಊರು ಈಗ ಹಿನ್ನೀರಿನ ಕೆಳಗಿದೆ. ನಿಮ್ಮಲ್ಲಿ ಯಾರ ಊರಾದರೂ ಹಾಗೆ ನೀರಿನ ಪಾಲಾಗಿದ್ದರೆ ನಿಮಗೆ ಗೊತ್ತಿರುತ್ತದೆ, ಅಂಥ ಊರಿನ ದೊಡ್ಡ ಸಂಗತಿಗಳು ಬೇಗ ಮಸುಕಾಗಿ ಸಣ್ಣ ಸಣ್ಣವೇ ಕಾಡುತ್ತ ಉಳಿಯುತ್ತವೆ. ನನ್ನನ್ನು ಕಾಡುವುದು ಐತವಾರ ಬೆಳಗಿನ ತಲೆ ಎರೆದುಕೊಳ್ಳುವ ಸಂಭ್ರಮ. ನಮ್ಮದು ಕುರಿ ಸಾಕಿದ ಮನೆತನ. ಉಣ್ಣೆ ಕತ್ತರಿಸುವ ಮುಂಚೆ ಗಂಡಸರು ಕುರಿಗಳನ್ನು ಹೊಳೆಗಿಳಿಸಿ ಮೈ ತೊಳೆಯುತ್ತಿದ್ದರೆ, ಸ್ವಲ್ಪ ಮೇಲೆ ಬಂಡೆಗಳ ಹತ್ತಿರ ಹೆಂಗಸರು ಅಂಟವಾಳಕಾಯಿಯ ನೊರೆ ಎಬ್ಬಿಸುತ್ತಿದ್ದರು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ನೆನೆಸಿದ ಅಂಟವಾಳವನ್ನು ಅಂಗೈಯಲ್ಲಿ ತಿಕ್ಕಿದರೆ ಸಾಕು, ಮೊಸರು ಕಡೆದಂತೆ ನೊರೆ ಏಳುತ್ತಿತ್ತು. ಆ ನೀರು ಅಷ್ಟು ಮೆತ್ತಗಿತ್ತು. ಒಂದು ತಂಬಿಗೆ ಸುರಿದರೆ ತಲೆ ಹಗುರಾಗುತ್ತಿತ್ತು, ಒಣಗುವ ಮೊದಲೇ ಕೂದಲು ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಒಬ್ಬೊಬ್ಬರ ಕೂದಲು ಒಂದೊಂದು ಜಾತಿಯದು ಎಂಬುದು ಅಲ್ಲಿ ಇರುವತನಕ ನಮಗೆ ಯಾರಿಗೂ ಹೊಳೆದಿರಲಿಲ್ಲ. ಎಲ್ಲರಿಗೂ ಒಂದೇ ಹೊಳೆ, ಒಂದೇ ಕಾಯಿ.

ಊರು ಎತ್ತಂಗಡಿಯಾಗಿ ದಿಬ್ಬದ ಮೇಲಿನ ಹೊಸ ಕಾಲನಿಗೆ ಬಂದ ಮೇಲೆ ಮೊದಲು ಕೈಕೊಟ್ಟದ್ದು ನೀರು. ಕೊಳವೆಬಾವಿಯ ನೀರು ಸವಳು. ಬೇಳೆ ಬೇಯುತ್ತಿರಲಿಲ್ಲ, ಹಂಡೆಯ ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತಿತ್ತು. ಅಂಟವಾಳ ಎಷ್ಟು ತಿಕ್ಕಿದರೂ ನೊರೆ ಬರದೆ ತಲೆಯಲ್ಲಿ ಅಂಟಂಟಾಗಿ ಕೂರುತ್ತಿತ್ತು. ಅವ್ವನ ಕೂದಲು ಒಣಗಿ ಸೆಣಬಿನ ಹಗ್ಗದಂತಾಯಿತು. ಆಯಿಯ ತೆಳ್ಳಗಿನ ಬಿಳಿಗೂದಲು ಬಾಚಿದಷ್ಟೂ ಹಣಿಗೆಗೆ ಬರುತ್ತಿತ್ತು. ನನ್ನದಂತೂ ಮೊದಲೇ ಗುಂಗುರು, ದಟ್ಟ. ಬಾಚಲು ಕುಳಿತರೆ ಅಳುವೇ. ಸಾಲಿಯಲ್ಲಿ ಹುಡುಗಿಯರು ನನ್ನನ್ನು ಟಗರು ಎನ್ನುತ್ತಿದ್ದರು. ಕುರಿ ಸಾಕಿದ ಮನೆಯವಳಾದ್ದರಿಂದ ಅದು ಬೈಗುಳವೆಂದು ನನಗೆ ತಿಳಿಯಲು ಕೆಲವು ದಿನ ಹಿಡಿಯಿತು. ಕುರಿಗಳೂ ಆಗ ಇರಲಿಲ್ಲ. ಮೇಯಿಸಲು ಜಾಗವಿಲ್ಲದೆ ಮಾರಿಬಿಟ್ಟಿದ್ದರು. ಅಪ್ಪ ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

ಆ ಬೇಸರದ ಮನೆಗೆ ಗಾಳಿ ಬೆಳಕು ತಂದವಳು ಸುವರ್ಣಾ ಅತ್ತಿ, ಅಪ್ಪನ ತಂಗಿ. ಪಿಯುಸಿ ಮುಗಿಸಿ, ಜಮಖಂಡಿಯ ಬಳೆ, ಪೌಡರು, ರಿಬ್ಬನ್ನು ಮಾರುವ ಅಂಗಡಿಯೊಂದರಲ್ಲಿ ಕೆಲಸ ಹಿಡಿದಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ನೆಟ್ಟಗಿನ ಕೂದಲು, ಎಷ್ಟು ತೊಳೆದರೂ ಮರುದಿನಕ್ಕೆ ಎಣ್ಣೆ ಎಣ್ಣೆ. ಅವಳ ಚೀಲದಿಂದ ಶನಿವಾರ ಸಂಜೆ ಏನು ಹೊರಬರುತ್ತದೆಂದು ನಾನು ಕಾಯುತ್ತಿದ್ದ ರೀತಿಯನ್ನು ಈಗ ನೆನೆದರೂ ಹಿಗ್ಗಾಗುತ್ತದೆ. ಸರಪಳಿಯ ಹಾಗೆ ಒಂದಕ್ಕೊಂದು ಅಂಟಿದ ಶಾಂಪೂ ಪಾಕೀಟುಗಳು! ಹಸಿರು, ಕಪ್ಪು, ಗುಲಾಬಿ, ಮೊಟ್ಟೆಯ ಚಿತ್ರದ್ದು, ನಿಂಬೆಹಣ್ಣಿನದು. ಅತ್ತಿ ಅವನ್ನು ಜಗಲಿಯ ಮೇಲೆ ಹರಡಿ, ಹಿಂದಿನ ಸಣ್ಣ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿ, ಇದು ಯಾರಿಗೆ, ಅದು ಯಾರಿಗೆ ಎಂದು ಹಂಚುತ್ತಿದ್ದಳು. ಐತವಾರ ಬೆಳಿಗ್ಗೆ ನಮ್ಮ ಬಚ್ಚಲು ಔಷಧ ಪರೀಕ್ಷಿಸುವ ಮನೆಯಂತಾಗುತ್ತಿತ್ತು. ನೀರಿನಂತೆ ತಿಳಿಯಾಗಿರುವ ಶಾಂಪೂ ತನ್ನ ಎಣ್ಣೆತಲೆಗೆ ಒಗ್ಗುತ್ತದೆ, ಕೆನೆಯಂತೆ ಗಟ್ಟಿಯಾದದ್ದು ಅವ್ವನ ಒಣಗೂದಲಿಗೆ ಒಗ್ಗುತ್ತದೆ ಎಂದು ಅವಳು ಕಂಡುಕೊಂಡದ್ದು ಹಾಗೆ ಹಚ್ಚಿ ನೋಡಿಯೇ. ಒಮ್ಮೆ ತಪ್ಪಿ ಅವ್ವನಿಗೆ ತನ್ನದನ್ನು ಹಾಕಿ, ಅವ್ವನ ಕೂದಲು ಕಸಬರಿಗೆಯಂತೆ ನಿಂತು, ಅವ್ವ ನಕ್ಕು ನಕ್ಕು ಬಾಗಿಲಿಗೆ ಒರಗಿದ್ದಳು. ಹೊಸ ಊರಿಗೆ ಬಂದ ಮೇಲೆ ಅವ್ವ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಯಿ ಮಾತ್ರ ಯಾವುದನ್ನೂ ಮುಟ್ಟಲಿಲ್ಲ. ತನ್ನ ಅಂಟವಾಳವನ್ನೇ ಹಟದಿಂದ ತಿಕ್ಕುತ್ತಿದ್ದಳು.

ಆ ಬೇಸಿಗೆಯಲ್ಲಿ ನನಗೆ ಟೈಫಾಯ್ಡ್ ಬಂತು. ವಾರಗಟ್ಟಲೆ ಮಲಗಿದೆ. ತಲೆಗೆ ನೀರು ಹಾಕಬಾರದು, ಬಾಚಲು ಹೋದರೆ ನಾನು ಚೀರುತ್ತಿದ್ದೆ, ಹಾಗಾಗಿ ಬಿಟ್ಟುಬಿಟ್ಟರು. ಎದ್ದು ಕೂರುವ ಹೊತ್ತಿಗೆ ಹಿಂದಲೆಯಲ್ಲಿ ಕೂದಲೆಲ್ಲ ಒಂದಕ್ಕೊಂದು ಹೆಣೆದುಕೊಂಡು, ಮುಷ್ಟಿಯಷ್ಟು ದಪ್ಪದ ಗಟ್ಟಿ ಗಂಟಾಗಿ ಕುತ್ತಿಗೆಯ ಮೇಲೆ ಇಳಿಬಿದ್ದಿತ್ತು. ನನಗೆ ಅದೊಂದು ಆಟದ ಸಾಮಾನು. ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದೆ. ಜ್ವರ ವಿಚಾರಿಸಲು ಬಂದ ಓಣಿಯ ಹಿರಿಯಾಕೆ ಗಂಗವ್ವ ನನ್ನ ಹಿಂದಲೆ ನೋಡಿದವಳೇ ಕೈಯೆತ್ತಿ ಮುಗಿದಳು. ಇದು ಸಿಕ್ಕಲ್ಲ, ಜಡಿ, ದೇವಿ ತನ್ನ ಮಗಳನ್ನು ಗುರುತು ಹಾಕಿ ಕರೆಯುತ್ತಿದ್ದಾಳೆ, ಕತ್ತರಿ ಮುಟ್ಟಿಸಿದಿರೋ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಹೇಳಿ ಹೋದಳು. ನಮ್ಮ ಕಡೆಯವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಇಷ್ಟು ಹೇಳುತ್ತೇನೆ: ತಲೆಯಲ್ಲಿ ಜಡಿ ಬಂದ ಹುಡುಗಿಯನ್ನು ದೇವಿಗೆ ಬಿಡುವ ರೂಢಿ ಇತ್ತು. ಆಮೇಲೆ ಅವಳಿಗೆ ಸಾಲಿ ಇಲ್ಲ, ಮದುವೆ ಇಲ್ಲ. ಕೈಯಲ್ಲಿ ದೇವಿಯ ಬುಟ್ಟಿ ಪಡಲಿಗೆ ಹಿಡಿದು ಭಿಕ್ಷೆಗೆ ಮನೆ ಮನೆ ತಿರುಗುವುದೇ ಬಾಳು. ಕಾನೂನು ಬೇಡವೆಂದಿದ್ದರೂ ಹೆದರಿಕೆ ಹೋಗಿರಲಿಲ್ಲ.

ಅವತ್ತಿನಿಂದ ಮನೆಯ ಮಾತು ಕಡಿಮೆಯಾಯಿತು. ಆಯಿ ಗಂಟಿಗೆ ಅರಿಷಿಣ ಹಚ್ಚಿದಳು, ಬರುವ ಹುಣ್ಣಿಮೆಗೆ ನನ್ನನ್ನು ದೇವಿಯ ಗುಡ್ಡಕ್ಕೆ ಕರೆದುಕೊಂಡು ಹೋಗಿ ಅವಳನ್ನೇ ಕೇಳುವುದು ಎಂದು ಗೊತ್ತುಮಾಡಿದಳು. ಅವ್ವ ಒಲೆಯ ಮುಂದೆ ಸದ್ದಿಲ್ಲದೆ ಅಳುತ್ತಿದ್ದಳು, ಅತ್ತೆಯಾದ ಆಯಿಯ ಮಾತಿಗೆ ಎದುರಾಡುವ ಧೈರ್ಯ ಅವಳಿಗಿರಲಿಲ್ಲ. ಎದುರಾಡಿದವಳು ಸುವರ್ಣಾ ಅತ್ತಿ. ಆದರೆ ಅವಳು ಜಗಳಕ್ಕೆ ಇಳಿಯಲಿಲ್ಲ, ದೇವಿ ಗೀವಿ ಎಂದು ಹಗುರ ಮಾತಾಡಲಿಲ್ಲ. ತಾಯಿಯ ಎದುರು ನೆಲಕ್ಕೆ ಕುಳಿತು ಅವಳು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ಕತ್ತರಿ ಹಚ್ಚೂದಿಲ್ಲ ಯವ್ವಾ. ಬರೀ ನೀರು ಹಾಕಿ ಬಿಡಸ್ತೇನಿ. ದೇವಿ ಕಟ್ಟಿದ ಗಂಟಾಗಿದ್ರ ನನ್ನ ಕೈಲೆ ಬಿಡಂಗಿಲ್ಲ. ಸವಳ ನೀರಿನ ಗಂಟಾಗಿದ್ರ ಬಿಡತೈತಿ. ಹುಣ್ಣಿವಿ ತನಕ ನನಗ ಬಿಡು."

ಆಯಿ ನನ್ನ ತಲೆ ತಿರುಗಿಸಿ ಗಂಟನ್ನು ಕೈಯಲ್ಲಿ ಹಿಡಿದು ನೋಡಿದಳು. ಕೊನೆಗೆ, "ಒಂದ ಎಳಿ ಹರದ್ರೂ ನಾ ಕೇಳಂಗಿಲ್ಲ ನೋಡು," ಎಂದು ಎದ್ದು ಹೋದಳು.

ಮೊದಲ ಐತವಾರ ಸೋತೆವು. ಅತ್ತಿ ಒಳ್ಳೆಯ ನೊರೆ ಬರುವ ಶಾಂಪೂವನ್ನೇ ತಂದಿದ್ದಳು. ಕೊಳವೆಬಾವಿಯ ನೀರಲ್ಲಿ ಅದನ್ನು ತಿಕ್ಕಿದಷ್ಟೂ ಗಂಟು ಬಿಗಿಯುತ್ತ ಹೋಯಿತು, ಒಣಗಿದ ಮೇಲೆ ಕಲ್ಲಾಯಿತು. ಆಯಿ ದೂರದಿಂದಲೇ ನೋಡಿ ಒಳಗೆ ಹೋಗಿ ದೀಪ ಹಚ್ಚಿದಳು. ಆ ರಾತ್ರಿ ಅತ್ತಿ ಊಟ ಮಾಡಲಿಲ್ಲ. ಆದರೆ ಮುಂದಿನ ವಾರವೆಲ್ಲ ಅವಳು ಅಂಗಡಿಯಲ್ಲಿ ಅದೇ ಧ್ಯಾನದಲ್ಲಿದ್ದಳಂತೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇದ್ದಬದ್ದ ಬಾಟಲಿಗಳನ್ನೆಲ್ಲ ಇಳಿಸಿ ಅವುಗಳ ಮೇಲಿನ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿದಳಂತೆ. ಶಾಂಪೂ ಕೊಳೆ ತೆಗೆಯುತ್ತದೆ, ಜೊತೆಗೆ ಕೂದಲಿನ ಜಿಡ್ಡನ್ನೂ ತೆಗೆಯುತ್ತದೆ. ಜಿಡ್ಡು ಹೋದ ಗುಂಗುರು ಕೂದಲು ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ಅದನ್ನು ನುಣುಪು ಮಾಡಲು ಬೇರೆ ಒಂದು ವಸ್ತು ಇದೆ, ಅದರ ಹೆಸರು ಕಂಡೀಷನರ್. ಈ ಸುದ್ದಿಯನ್ನು ಅವಳು ಬಸ್ಸಿಳಿದು ಓಡುತ್ತ ಬಂದು ಹೇಳಿದಳು, ಏದುಸಿರು ಇನ್ನೂ ನಿಂತಿರಲಿಲ್ಲ. ಅಂಗಡಿಯಲ್ಲಿ ಒಂದೇ ಒಂದು ಬಿಳಿ ಬಾಟಲಿ ಇತ್ತಂತೆ. ಕೊಳ್ಳುವವರಿಲ್ಲದೆ ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕುಳಿತಿತ್ತಂತೆ. ಅದನ್ನೇ ಕೊಂಡು ತಂದಿದ್ದಳು. ಮುಚ್ಚಳ ತೆಗೆದಾಗ ಮನೆಯ ತುಂಬ ಆ ಹಾಲು ಮಲ್ಲಿಗೆಯ ವಾಸನೆ. ಅವ್ವ ಬೆರಳ ತುದಿಗೆ ಹಚ್ಚಿಕೊಂಡು, ಇದು ಕೆನೆಯೋ ಬೆಣ್ಣೆಯೋ ಎಂದು ಬೆರಗಾದಳು. ಅತ್ತಿ ಅವಸರದಲ್ಲಿ ತನ್ನ ತಲೆಗೇ ಮೊದಲು ಹಚ್ಚಿ ನೋಡಿದಳು, ಬುಡದ ತನಕ ತಿಕ್ಕಿ. ಒಣಗಿದಾಗ ಅವಳ ಎಣ್ಣೆತಲೆ ತುಪ್ಪದ ಗಡಿಗೆಯಲ್ಲಿ ಮುಳುಗಿಸಿ ತೆಗೆದಂತಿತ್ತು. ಇದು ಬುಡಕ್ಕಲ್ಲ, ಉದ್ದಕ್ಕೆ ಮತ್ತು ತುದಿಗೆ, ಅದೂ ಒಣ ಕೂದಲಿನವರಿಗೆ ಎಂದು ಅವಳೇ ಕನ್ನಡಿಯ ಮುಂದೆ ನಿಂತು ನಗುತ್ತ ಪಾಠ ಹೇಳಿಕೊಂಡಳು.

ಉಳಿದದ್ದು ನೀರಿನ ಪ್ರಶ್ನೆ. ಆ ಶನಿವಾರ ಅಪ್ಪ ಬಂದಾಗ ಅತ್ತಿ ಅವನನ್ನು ಅಂಗಳಕ್ಕೆ ಕರೆದು ಏನೋ ಹೇಳಿದಳು. ಅಪ್ಪ ಮಾತು ಕಡಿಮೆಯವನು. ಗಂಟಿನ ವಿಷಯ ಎತ್ತಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದವನು ಈ ಸಲ ಹೋಗಲಿಲ್ಲ. ಐತವಾರ ನಸುಕಿನಲ್ಲೇ ಸೈಕಲ್ಲಿಗೆ ಕ್ಯಾನುಗಳನ್ನು ಕಟ್ಟಿಕೊಂಡು ಹೋಗಿ, ಬಿಸಿಲೇರುವ ಹೊತ್ತಿಗೆ ಬೆವರಿಳಿಸುತ್ತ ತಿರುಗಿ ಬಂದ. ಹಿನ್ನೀರಿನ ದಂಡೆಯಿಂದ ನೀರು ತುಂಬಿಕೊಂಡು ಬಂದಿದ್ದ. ಅವ್ವ ಅದನ್ನು ಹಂಡೆಗೆ ಸುರಿಯುವಾಗ ಆಯಿ ಅಡುಗೆಮನೆಯಿಂದ ಹೊರಗೆ ಬಂದಳು. ಬೊಗಸೆಯಲ್ಲಿ ತೆಗೆದುಕೊಂಡು ಮುಖಕ್ಕೆ ಹಚ್ಚಿಕೊಂಡಳು. "ನಮ್ಮೂರ ನೀರ," ಎಂದಳು, ಅಷ್ಟೇ. ಅಪ್ಪ ಆ ಕಡೆ ತಿರುಗಿ ಸೈಕಲ್ಲು ಒರೆಸತೊಡಗಿದ.

ನಾನು ಬಚ್ಚಲಕಲ್ಲಿನ ಮೇಲೆ ಕುಳಿತೆ. ಅತ್ತಿ ಶಾಂಪೂವನ್ನು ಮೊದಲು ಮುಟ್ಟಲೇ ಇಲ್ಲ. ಬೆಚ್ಚಗಿನ ಹೊಳೆನೀರಿನಲ್ಲಿ ಗಂಟನ್ನು ಚೆನ್ನಾಗಿ ನೆನೆಸಿ, ಆ ಬಿಳಿ ಕೆನೆಯನ್ನು ಅಂಗೈ ತುಂಬ ತೆಗೆದು ಗಂಟಿನೊಳಕ್ಕೆ ಒತ್ತಿ ಒತ್ತಿ ತುಂಬಿದಳು. ತಂಪಾದ ಜಾರುವ ವಸ್ತುವೊಂದು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು, ನನಗೆ ಕಚಗುಳಿ. ಸ್ವಲ್ಪ ಹೊತ್ತು ಬಿಟ್ಟು ಅವಳೂ ಅವ್ವನೂ ಎರಡು ಬದಿಯಲ್ಲಿ ಕುಳಿತು ಬೆರಳಿನಿಂದ ಬಿಡಿಸತೊಡಗಿದರು. ಅವಸರಕ್ಕೆ ಬುಡದ ಕಡೆಯಿಂದ ಜಗ್ಗಿದಾಗ ನಾನು ಅತ್ತುಬಿಟ್ಟೆ. ಆಯಿ ಅಷ್ಟು ಹೊತ್ತೂ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದಳು, ಏನನ್ನೂ ನೋಡುವುದಿಲ್ಲವೆಂಬಂತೆ. ನನ್ನ ಅಳು ಕೇಳಿ ಎದ್ದು ಬಂದಳು. ಎಲ್ಲ ಮುಗಿಯಿತು, ಈಗ ನಿಲ್ಲಿಸಿಬಿಡುತ್ತಾಳೆ ಎಂದು ಅವ್ವ ಕೈ ಹಿಂದಕ್ಕೆ ತೆಗೆದಳು.

"ತುದಿಯಿಂದ ಬಿಡಸ್ರೆ," ಎಂದಳು ಆಯಿ. "ಬುಡ ಜಗ್ಗಿದ್ರ ಬಿಗೀ ಆಗತೈತಿ. ಉಣ್ಣಿ ಹಿಂಜಿದ್ದ ಮರತಿರೇನು?"

ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಹಿಂದೆ ಕುಳಿತಳು. ಹುಟ್ಟಿದಾಗಿನಿಂದ ಉಣ್ಣೆ ಹಿಂಜಿ, ನೂಲು ತೆಗೆದ ಬೆರಳುಗಳು ಅವು. ಗಂಟಿನ ತುದಿಯಲ್ಲಿ ಒಂದು ಎಳೆ ಹಿಡಿದು, ಜಗ್ಗದೆ, ಬರೀ ಅಲುಗಿಸಿ ಅಲುಗಿಸಿ ಸಡಿಲು ಮಾಡಿ ಹೊರತೆಗೆದಳು. ಇನ್ನೊಂದು. ಮತ್ತೊಂದು. ಕೆನೆ ಒಣಗಿದಲ್ಲಿ ಅತ್ತಿ ಮತ್ತೆ ಹಚ್ಚುತ್ತಿದ್ದಳು, ಅವ್ವ ಬಿಡಿಸಿದ ಎಳೆಗಳನ್ನು ಬೇರೆ ಹಿಡಿದುಕೊಳ್ಳುತ್ತಿದ್ದಳು. ಬಿಸಿಲು ಬಚ್ಚಲಿನ ಗೋಡೆಯಿಂದ ಇಳಿದು ನನ್ನ ಮೊಣಕಾಲಿಗೆ ಬಂತು. ಗಂಟು ಮುಷ್ಟಿಯಿಂದ ನಿಂಬೆಕಾಯಿಯಷ್ಟಾಯಿತು. ಮೂವರೂ ಏನೇನೋ ಮಾತಾಡುತ್ತಿದ್ದರು: ಹಳೆಯ ಊರಿನ ಬಂಡೆ, ಒಮ್ಮೆ ಹೊಳೆಯಲ್ಲಿ ತೇಲಿಹೋದ ಟಗರು, ಅತ್ತಿ ಸಣ್ಣವಳಿದ್ದಾಗ ಕೂದಲಿಗೆ ಅಂಟಿಸಿಕೊಂಡ ಬೆಲ್ಲದ ಪಾಕ. ದನಿಯಲ್ಲಿ ಒಂದು ಹುರುಪು ಏರುತ್ತ ಹೋದದ್ದು ನನಗೂ ತಿಳಿಯುತ್ತಿತ್ತು. ನೋವೆಲ್ಲ ಮರೆತು, ಇನ್ನೆಷ್ಟು ಉಳಿಯಿತು, ಇನ್ನೆಷ್ಟು ಉಳಿಯಿತು ಎಂದು ನಾನು ಕೇಳುತ್ತಲೇ ಇದ್ದೆ. ಕೊನೆಯ ಸಿಕ್ಕು ಆಯಿಯ ಕೈಯಲ್ಲೇ ಬಿಚ್ಚಿತು. ಮೂವರ ಬೆರಳುಗಳೂ ಒಮ್ಮೆಗೇ ನನ್ನ ತಲೆಯಿಂದ ಎದ್ದಾಗ ನನಗೆ ಅದು ಗೊತ್ತಾಯಿತು.

ಆಮೇಲೆ ಅತ್ತಿ ಕೆನೆಯಂಥ ಶಾಂಪೂವನ್ನು ಸ್ವಲ್ಪವೇ ನೆತ್ತಿಗೆ ಹಾಕಿ ತೊಳೆದು, ಮಿಕ್ಕ ಹೊಳೆನೀರನ್ನೆಲ್ಲ ನನ್ನ ತಲೆಯ ಮೇಲೆ ಸುರಿದಳು. ಬಾಚುವುದು ಬೇಡ, ಹಾಗೇ ಒಣಗಲಿ ಎಂದು ಅಂಗಳಕ್ಕೆ ಕಳಿಸಿದಳು. ಒಣಗುತ್ತ ಒಣಗುತ್ತ ನನ್ನ ಕೂದಲು ಸುರುಳಿ ಸುರುಳಿಯಾಗಿ ಮೇಲೆದ್ದಿತು. ಕನ್ನಡಿಯಲ್ಲಿ ನೋಡಿಕೊಂಡು ನಾನು ಅಂಗಳವಿಡೀ ಕುಣಿದೆ. ತಲೆ ಅಲ್ಲಾಡಿಸಿದರೆ ಸುರುಳಿಗಳೆಲ್ಲ ನನ್ನ ಜೊತೆ ಕುಣಿಯುತ್ತಿದ್ದವು. ಅಪ್ಪ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ಕೈ ತೆಗೆಯದೆ ನಿಂತ. ಗಂಗವ್ವ ಸುದ್ದಿ ಕೇಳಿ ಬಂದಳು, ಕೂದಲನ್ನು ಬೆರಳಲ್ಲಿ ಎತ್ತಿ ಎತ್ತಿ ನೋಡಿದಳು. ದೇವಿ ಬಿಟ್ಟುಕೊಟ್ಟಳು ಹಾಗಾದರೆ ಎಂದು ಅವಳಿಗೆ ತೋಚಿದಂತೆ ಹೇಳಿ ಹೋದಳು. ಅತ್ತಿ ನಕ್ಕು ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. ಹುಣ್ಣಿಮೆಗೆ ಆಯಿ ಗುಡ್ಡಕ್ಕೆ ಒಬ್ಬಳೇ ಹೋಗಿ ಕಾಯಿ ಒಡೆಸಿಕೊಂಡು ಬಂದಳು.

ಗುಡ್ಡದಿಂದ ಬಂದ ಸಂಜೆ ಆಯಿ ನನ್ನ ತಲೆ ಮಡಿಲಲ್ಲಿಟ್ಟುಕೊಂಡು, ಬೆರಳಾಡಿಸುತ್ತ, ಯಾರಿಗೆ ಹೇಳುತ್ತಿದ್ದೇನೆಂಬ ಖಬರಿಲ್ಲದವಳಂತೆ ಹೇಳಿದ ಮಾತು ಅವ್ವನಿಗೂ ಅತ್ತಿಗೂ ಹೊಸದು. ಅವಳಿಗೆ ಒಬ್ಬ ಅಕ್ಕ ಇದ್ದಳಂತೆ. ಇದೇ ವಯಸ್ಸು, ಇಂಥದೇ ಕೂದಲು. ತಲೆಯಲ್ಲಿ ಗಂಟು ಕಂಡಿತೆಂದು ದೇವಿಗೆ ಬಿಟ್ಟರಂತೆ. ಮನೆ ಬಿಟ್ಟು ಹೋಗುವಾಗ ಆಯಿಯ ಕೈ ಹಿಡಿದುಕೊಂಡಿದ್ದಳಂತೆ, ಬಿಡಿಸಬೇಕಾಯಿತಂತೆ.

"ತುದಿಯಿಂದ ಬಿಡಸ್ರಿ ಅಂತ ಹೇಳಾವ್ರು ಆವಾಗ ಯಾರೂ ಇರಲಿಲ್ಲ," ಎಂದಳು ಆಯಿ. "ನಾ ಸಣ್ಣಾಕಿ. ಉಣ್ಣಿ ಹಿಂಜೂದು ನನಗ ಗೊತ್ತಿತ್ತು. ಆದ್ರ ನನ್ನ ಯಾರು ಕೇಳ್ತಿದ್ರು."

ಮರುವರ್ಷದ ಒಂದು ಐತವಾರ ಆಯಿ ತೇರದಾಳದ ನೆಂಟರ ಮನೆಗೆ ಹೋದವಳು, ತಿರುಗಿ ಬರುವಾಗ ಬಸ್ಸಿನಿಂದ ಒಬ್ಬ ಹುಡುಗಿಯ ಕೈಹಿಡಿದುಕೊಂಡು ಇಳಿದಳು. ತಲೆಗೆ ಬಿಗಿಯಾಗಿ ವಸ್ತ್ರ ಸುತ್ತಿಕೊಂಡ, ನೆಲ ಬಿಟ್ಟು ಕಣ್ಣೆತ್ತದ ಹುಡುಗಿ. ಅವಳ ಹಿಂದೆ ಅವಳ ತಾಯಿ. ಆಯಿ ಚಪ್ಪಲಿ ಬಿಡುವ ಮೊದಲೇ ಅತ್ತಿಯನ್ನು ಕರೆದು ಆ ಬಿಳಿ ಬಾಟಲಿ ಉಳಿದಿದೆಯೇ ಎಂದು ಕೇಳಿದಳು. ಅಪ್ಪ ಯಾರೂ ಹೇಳದೆಯೇ ಸೈಕಲ್ಲಿಗೆ ಕ್ಯಾನು ಕಟ್ಟಿದ. ಆ ದಿನ ನಮ್ಮ ಬಚ್ಚಲಿನಲ್ಲಿ ಎದ್ದ ನಗು, ನಡುವೆ ಅಳು, ಮತ್ತೆ ನಗು, ಓಣಿಯ ಕೊನೆಯ ತನಕ ಕೇಳಿಸಿರಬೇಕು. ನಾನು ಆ ಹುಡುಗಿಯ ಎದುರು ಕುಳಿತು, ನನ್ನ ಸುರುಳಿಗಳನ್ನು ಜಗ್ಗಿ ಬಿಟ್ಟು ತೋರಿಸುತ್ತ, ನಿನ್ನದೂ ಹೀಗೇ ಆಗುತ್ತದೆ ನೋಡು ಎಂದು ಧೈರ್ಯ ಹೇಳುತ್ತಿದ್ದೆ. ಆಮೇಲೂ ಕೆಲವರು ಬಂದರು, ಹೆಚ್ಚಾಗಿ ಸದ್ದಿಲ್ಲದೆ, ಯಾರ ಕಣ್ಣಿಗೂ ಬೀಳದಂತೆ. ಕೂದಲು ನೋಡುತ್ತಲೇ ಅತ್ತಿ, ಇದಕ್ಕೆ ತಿಳಿಯಾದ ಶಾಂಪೂ, ಇದಕ್ಕೆ ಕೆನೆಯದು, ಇದಕ್ಕೆ ಬರೀ ಕಂಡೀಷನರ್ ಸಾಕು ಎಂದು ಹೇಳುತ್ತಿದ್ದಳು. ಬಿಡಿಸುವ ಕೆಲಸ ಮಾತ್ರ ಆಯಿಯದೇ.

ಅವೆಲ್ಲ ಎಷ್ಟು ಬೇಗ ಮುಗಿದುಹೋದವು. ಅತ್ತಿ ಮದುವೆಯಾಗಿ ಮುಧೋಳಕ್ಕೆ ಹೋದಳು. ಅಲ್ಲಿ ಮುಂದಿನ ಕೋಣೆಯಲ್ಲೇ ಸಣ್ಣ ಪಾರ್ಲರ್ ತೆರೆದು ಬಹಳ ವರ್ಷ ನಡೆಸಿದಳು. ಅವ್ವ, ಅಪ್ಪ ಆಮೇಲೆ ಹುಟ್ಟಿದ ನನ್ನ ತಮ್ಮನ ಜೊತೆ ರಬಕವಿಗೆ ಬಂದರು, ಕಾಲನಿಯ ಮನೆ ಬೇರೆಯವರದಾಯಿತು. ಆಯಿ ಅದಕ್ಕೂ ಮೊದಲೇ ಒಂದು ಮಾಗಿಯ ಬೆಳಿಗ್ಗೆ, ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಲ್ಲೇ ಹೋಗಿಬಿಟ್ಟಿದ್ದಳು. ಅತ್ತಿ ತೀರಿಹೋದದ್ದು ಮೂರು ವರ್ಷದ ಹಿಂದೆ. ಕೊನೆಯ ಸಲ ನೋಡಲು ಹೋದಾಗಲೂ ನನ್ನ ಕೂದಲನ್ನು ಬೆರಳಲ್ಲಿ ಹಿಡಿದು, ತುದಿ ಒಣಗಿದೆ, ಏನು ಹಚ್ಚುತ್ತಿದ್ದೀ ಎಂದು ಬೈದಿದ್ದಳು.

ಅಂಗಡಿಯಿಂದ ತಿರುಗುವಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. ಆ ಮನೆ ತೋರಿಸು ಎಂದು ಹಟ ಹಿಡಿದಳು. ಮುಂದಿನ ರಜೆಗೆ ಬೀಳಗಿಯ ಬಸ್ಸು ಹಿಡಿದು ಹೋದೆವು. ಕಾಲನಿಯಲ್ಲಿ ಬೇವಿನ ಗಿಡಗಳು ದೊಡ್ಡವಾಗಿದ್ದವು, ಮನೆಗಳ ಬಣ್ಣ ಬದಲಾಗಿತ್ತು. ನಮ್ಮ ಮನೆಯ ಕಟ್ಟೆಯ ಮೇಲೆ ಅಪರಿಚಿತ ಹೆಣ್ಣುಮಗಳೊಬ್ಬಳು ಆಗಷ್ಟೇ ತಲೆ ಎರೆದುಕೊಂಡು ಬೆನ್ನಿಗೆ ಬಿಸಿಲು ಕೊಟ್ಟು ಕುಳಿತಿದ್ದಳು. ಉದ್ದ ಕೂದಲು ಕಟ್ಟೆಯಿಂದ ಕೆಳಗೆ ಇಳಿಬಿದ್ದು ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನಾವು ನಿಂತದ್ದು ಕಂಡು ತಿರುಗಿ, "ಯಾರು ಬೇಕಾಗಿತ್ರಿ?" ಎಂದಳು.

ನಾನು ಆಯಿಯ ಹೆಸರು ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿಗೆ ಅದೇ ಬಂತು. ಅವಳು ಸ್ವಲ್ಪ ಹೊತ್ತು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲಲ್ರಿ," ಎಂದಳು. "ಬಿಸಲಾಗ ಬಂದೀರಿ. ಕುಂದರ್ರಿ ಒಂದೀಟು."

ಮಗಳು ನನ್ನ ಮುಖ ನೋಡಿದಳು. ನಾವಿಬ್ಬರೂ ಕಟ್ಟೆಯ ತುದಿಯಲ್ಲಿ, ಆ ಹೆಣ್ಣುಮಗಳ ಪಕ್ಕ ಕುಳಿತೆವು. ಅವಳು ಕೂದಲನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಾಕಿಕೊಂಡು ಒದ್ದೆ ಬದಿಯನ್ನು ಬಿಸಿಲಿಗೆ ತಿರುಗಿಸಿದಳು.